ಅಕ್ಕನ ಮಗಳ ಮೊದಲ ಕಾರು

ಕೆಲವು ವಾರಗಳ ಹಿಂದೆ, ಒಂದು ಭಾನುವಾರ ಬೆಳಿಗ್ಗೆ, ಉತ್ತರಪತ್ರಿಕೆಗಳ ಕಟ್ಟೊಂದನ್ನು ಬಿಚ್ಚಿ ಕೆಂಪು ಶಾಯಿಯ ಪೆನ್ನಿಗಾಗಿ ನಾನು ಹುಡುಕಾಡುತ್ತಿದ್ದಾಗ ಕುವೆಂಪುನಗರದಿಂದ ಅಕ್ಕನ ಕರೆ ಬಂದಿತು. “ಏನೋ, ಅಮ್ಮನನ್ನೂ ಕರೆದುಕೊಂಡು ತಿಂಡಿಗೆ ಇಲ್ಲಿಗೇ ಬಂದುಬಿಡು. ಮುಖ್ಯವಾದ ವಿಷಯ ಮಾತಾಡಬೇಕು” ಎಂದಳು. ಮುಖ್ಯವಾದ ವಿಷಯಗಳು ನಮ್ಮ ಮನೆತನದಲ್ಲಿ ಎರಡೇ: ಒಂದು ಮದುವೆ, ಇನ್ನೊಂದು ನಿವೇಶನ. ಅಕ್ಕನ ಮಗಳಿಗೆ ಇನ್ನೂ ಇಪ್ಪತ್ತು ವರ್ಷ. ಎಂಜಿನಿಯರಿಂಗಿನ ಮೂರನೆಯ ವರ್ಷದಲ್ಲಿದ್ದಾಳೆ. ಇನ್ನು ನಿವೇಶನದ ಮಾತೆಂದರೆ, ಭಾವನವರ ಬ್ಯಾಂಕಿನ ಸಂಬಳಕ್ಕೂ ಮೈಸೂರಿನ ನೆಲದ ಬೆಲೆಗೂ ಮಾತುಕತೆ ನಿಂತು ಬಹುಕಾಲವಾಗಿದೆ. ಹಾಗಾದರೆ ವಿಷಯವಾದರೂ ಏನಿರಬಹುದೆಂದು ದಾರಿಯುದ್ದಕ್ಕೂ ಯೋಚಿಸುತ್ತ ಹೋದೆ.

ಊಟದ ಮೇಜಿನ ಮೇಲೆ, ಇಡ್ಲಿಯ ತಟ್ಟೆಗಳ ನಡುವೆ, ಬಣ್ಣಬಣ್ಣದ ಕಾರುಗಳ ಚಿತ್ರಗಳಿದ್ದ ಹೊಳಪು ಕಾಗದಗಳು ಹರಡಿದ್ದುವು. ಸಂದೇಹ ಪರಿಹಾರವಾಯಿತು. ಅಕ್ಕನ ಮಗಳು ಪುಟ್ಟಿಗೆ (ಇದು ಮನೆಯ ಹೆಸರು, ಕಾಲೇಜಿನ ಹೆಸರನ್ನು ಇಲ್ಲಿ ಬರೆದರೆ ಅವಳು ನನ್ನೊಡನೆ ಮಾತು ಬಿಟ್ಟಾಳು) ಕಾರು ನಡೆಸುವ ಪರವಾನಗಿ ಕೈಸೇರಿ ಮೂರು ವಾರಗಳಾಗಿದ್ದುವು. ಅವಳ ಕಾಲೇಜು ಹುಣಸೂರು ರಸ್ತೆಯಲ್ಲಿದೆ; ಮನೆಯಿಂದ ಹದಿನಾರು ಕಿಲೋಮೀಟರು ದೂರ. ಎರಡು ಬಸ್ಸು ಬದಲಾಯಿಸಬೇಕು. ಪ್ರಯೋಗಶಾಲೆಯ ದಿನಗಳಲ್ಲಿ ಮನೆ ಸೇರುವಾಗ ದೀಪ ಹಚ್ಚುವ ಹೊತ್ತು ಮೀರಿರುತ್ತದೆ. ಜೀವಮಾನವೆಲ್ಲ ಸ್ಕೂಟರಿನ ಮೇಲೆಯೇ ಕಳೆದ ಭಾವನವರು, ಮಗಳಿಗೊಂದು ಕಾರನ್ನು ಕೊಡಿಸಿಬಿಡುವುದೆಂದು ತೀರ್ಮಾನಿಸಿದ್ದರು. ಯಾವ ಕಾರು ಎಂಬುದೊಂದೇ ಉಳಿದಿದ್ದ ಪ್ರಶ್ನೆ. ಆ ಪ್ರಶ್ನೆಗೆ ಮನೆಯಲ್ಲಿ ಎಷ್ಟು ಜನರಿದ್ದರೋ ಅಷ್ಟು ಉತ್ತರಗಳಿದ್ದುವು.

“ಎತ್ತರದ ಗಾಡಿಯೇ ಇರಬೇಕು ಮೇಷ್ಟ್ರೇ. ರಸ್ತೆಯಲ್ಲಿ ಬಂದರೆ ನಾಲ್ಕು ಜನ ತಾವಾಗಿ ದಾರಿ ಬಿಡಬೇಕು” ಎಂದರು ಭಾವ. ಬ್ಯಾಂಕಿನಲ್ಲಿ ಅವರಿಗೆ ಯಾರೂ ದಾರಿ ಬಿಡುವುದಿಲ್ಲವೆಂಬುದು ಅಕ್ಕನ ಗುಟ್ಟಿನ ಅಭಿಪ್ರಾಯ. ಪುಟ್ಟಿಗೆ ಕೆಂಪು ಬಣ್ಣದ, ಮಾಡು ತೆರೆದರೆ ಆಕಾಶ ಕಾಣುವ ಕಾರು ಬೇಕು. ಅಕ್ಕನದು ಲೆಕ್ಕಾಚಾರದ ಬುದ್ಧಿ: “ಕಲಿಯುವ ಕೈ. ಎಲ್ಲಾದರೂ ಉಜ್ಜಿಕೊಂಡು ಬರುವುದೇ. ಒಂದೂವರೆ ಲಕ್ಷಕ್ಕೆ ಹಳೆಯದೊಂದು ಸಣ್ಣ ಕಾರು ಸಿಕ್ಕರೆ ಸಾಕು.” ಅಮ್ಮನಿಗೆ ಕಾರಿನ ಜಾತಿ ಯಾವುದಾದರೂ ಅಡ್ಡಿಯಿಲ್ಲ, ಕಪ್ಪು ಬಣ್ಣ ಬೇಡ, ಮೊದಲ ದಿನ ಚಕ್ರದ ಕೆಳಗೆ ನಿಂಬೆಹಣ್ಣು ಇಡುವುದನ್ನು ಮರೆಯಬಾರದು, ಇಷ್ಟೇ. ಅಷ್ಟರಲ್ಲಿ ಪತ್ರಿಕೆ ಕೇಳಲು ಬಂದ ಪಕ್ಕದ ಮನೆಯವರು ನಿಂತಲ್ಲಿಯೇ “ಲೀಟರಿಗೆ ಎಷ್ಟು ಕೊಡುತ್ತೆ?” ಎಂದು ಕೇಳಿದರು. ತಮ್ಮ ಮಗ ಹದಿನಾರಕ್ಕೇ ಕಾರು ಓಡಿಸಿದನೆಂದೂ ಹೆಮ್ಮೆಯಿಂದ ಸೇರಿಸಿದರು. 2019ರಲ್ಲಿ ಕಾನೂನು ತಿದ್ದುಪಡಿಯಾದ ಮೇಲೆ, ಹದಿನೆಂಟು ತುಂಬದ ಮಗ ಕಾರು ನಡೆಸಿ ಅಪರಾಧವೆಸಗಿದರೆ ತಂದೆಗೇ ಮೂರು ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ ವಿಧಿಸಬಹುದೆಂದು ನಾನು ಮೆಲ್ಲಗೆ ಹೇಳಿದೆ. ಅವರು ಪತ್ರಿಕೆಯನ್ನು ಅಲ್ಲಿಯೇ ಬಿಟ್ಟು ಹೊರಟುಹೋದರು.

ಇಷ್ಟು ಮಾತುಗಳಲ್ಲಿ ನನಗೊಂದು ಕೊರತೆ ಕಂಡಿತು. ಎಲ್ಲರೂ ಕಾರಿನ ಮಾತಾಡುತ್ತಿದ್ದರು. ಅದನ್ನು ನಡೆಸುವವಳ ಮಾತನ್ನು ಯಾರೂ ಎತ್ತಲಿಲ್ಲ. ಕನ್ನಡದ ಮೇಷ್ಟ್ರಿಗೆ ಇಂಥ ಸಮಯದಲ್ಲಿ ಭಾರತದ ನೆನಪಾಗುವುದು ಸಹಜ. ಅರ್ಜುನನು ಸೈನ್ಯವನ್ನು ಬಿಟ್ಟು ಸಾರಥಿಯನ್ನು ಆರಿಸಿಕೊಂಡ. ಸಾರಥಿ ಸರಿಯಿದ್ದರೆ ಉಳಿದುದೆಲ್ಲ ಸರಿಹೋದೀತೆಂಬ ವಿವೇಕ ಅವನಿಗಿತ್ತು. ನಮ್ಮ ಸಮಸ್ಯೆ ಅದರ ತಿರುವುಮುರುವು. ಸಾರಥಿ ಇನ್ನೂ ಸಾರಥಿಯಾಗಿಲ್ಲ. ಆಗುವವರೆಗೆ ಅವಳನ್ನು ಕಾಯುವ ರಥವೊಂದನ್ನು ನಾವು ಆರಿಸಬೇಕಾಗಿತ್ತು.

“ಪುಟ್ಟಿ, ಕಲಿಯುವಾಗ ಎಷ್ಟು ಸಲ ನೀನು ಜೋರಾಗಿ ಬ್ರೇಕು ಒತ್ತಿದ್ದೀಯೆ?” ಎಂದು ಕೇಳಿದೆ.

ಅವಳು ನಕ್ಕಳು. “ಒಂದು ಸಲವೂ ಇಲ್ಲ ಮಾವ. ನಾನು ಒತ್ತುವುದಕ್ಕೆ ಮೊದಲೇ ಹೇಳಿಕೊಡುವವರು ಒತ್ತಿಬಿಡುತ್ತಿದ್ದರು.”

ಡ್ರೈವಿಂಗ್ ಶಾಲೆಯ ಕಾರನ್ನು ಬಲ್ಲವರಿಗೆ ಈ ಉತ್ತರದ ಅರ್ಥ ಆಗುತ್ತದೆ. ಅಲ್ಲಿ ಪಕ್ಕದಲ್ಲಿ ಕುಳಿತ ಗುರುವಿನ ಕಾಲ ಕೆಳಗೂ ಒಂದು ಬ್ರೇಕು ಇರುತ್ತದೆ. ಶಿಷ್ಯೆಯ ತಪ್ಪು ತಪ್ಪಾಗುವ ಮೊದಲೇ ಅಳಿಸಿಹೋಗುತ್ತದೆ. ಕಲಿಕೆಯ ಪರವಾನಗಿ ದೊರೆತ ಮೂವತ್ತು ದಿನಗಳ ತರುವಾಯ ಪರೀಕ್ಷೆಗೆ ಕುಳಿತುಕೊಳ್ಳಬಹುದು. ಎಂಟಂಕಿಯ ಆಕಾರದಲ್ಲಿ ತಿರುಗಿಸಿ ತೋರಿಸಿದರೆ ಉತ್ತೀರ್ಣರಾದಂತೆ. ಹಿಂದಿನ ಗಾಜಿನ ಮೇಲಿದ್ದ ಕೆಂಪು ‘ಎಲ್’ ಅಕ್ಷರವನ್ನು ಅಂದೇ ಕಿತ್ತುಹಾಕುತ್ತಾರೆ. ಅಕ್ಷರವೇನೋ ಹೋಗುತ್ತದೆ, ಕಲಿಯುವ ಕೈ ಕಲಿಯುವ ಕೈಯಾಗಿಯೇ ಉಳಿಯುತ್ತದೆ. ನಿಜವಾದ ಕಲಿಕೆ ಮೊದಲಾಗುವುದು ಪಕ್ಕದಲ್ಲಿ ಎರಡನೆಯ ಬ್ರೇಕು ಇಲ್ಲದ ದಿನ. ಹೊಸಬರು ತಪ್ಪು ಮಾಡಿಯೇ ಮಾಡುತ್ತಾರೆ. ಆದ್ದರಿಂದ ಮೊದಲ ಕಾರನ್ನು ಆರಿಸುವಾಗ ನಡೆಸುವವರ ಜಾಣತನವನ್ನು ನೆನೆಯಬಾರದು; ಅವರು ಮಾಡಲಿರುವ ತಪ್ಪುಗಳನ್ನು ನೆನೆಯಬೇಕು. ಈ ಮಾತನ್ನು ನಾನು ಅಂದು ಹೇಳಲಿಲ್ಲ. “ಒಂದು ವಾರ ಸಮಯ ಕೊಡಿ ಭಾವ, ಓದಿಕೊಂಡು ಬರುತ್ತೇನೆ” ಎಂದೆ. “ಕಾರು ಕೊಳ್ಳುವುದಕ್ಕೂ ಓದಬೇಕೇನಪ್ಪ!” ಎಂದು ಭಾವನವರು ಇನ್ನೊಂದು ಇಡ್ಲಿ ಹಾಕಿಸಿಕೊಂಡರು.

ಆ ವಾರವೆಲ್ಲ ಉತ್ತರಪತ್ರಿಕೆಗಳು ಕಟ್ಟಿನಲ್ಲಿಯೇ ಉಳಿದುವು. ನಾನು ಪರೀಕ್ಷೆಗೆ ಕುಳಿತ ಹುಡುಗನಂತೆ ಕಾರುಗಳನ್ನು ಕುರಿತು ಓದಿದೆ. ಓದಿದುದರಲ್ಲಿ ನನ್ನನ್ನು ಬಹಳವಾಗಿ ಕಾಡಿದುದು 2014ನೆಯ ಇಸವಿಯ ಸಂಗತಿ. ಆ ವರ್ಷದ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆಯವರು ನಮ್ಮ ದೇಶದ ಜನ ಮೆಚ್ಚಿ ಕೊಳ್ಳುತ್ತಿದ್ದ ಐದು ಸಣ್ಣ ಕಾರುಗಳ ಪರೀಕ್ಷೆಯ ಫಲಿತಾಂಶವನ್ನು ಪ್ರಕಟಿಸಿದರು. ಏರ್‌ಬ್ಯಾಗಿಲ್ಲದ ಕಾರುಗಳು ಅವು. ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಒಂದು ಅಡ್ಡಗಟ್ಟೆಗೆ ಅವನ್ನು ಗುದ್ದಿಸಿದ್ದರು. ಒಳಗೆ ಕುಳಿತ ವಯಸ್ಕರ ರಕ್ಷಣೆಗೆ ಐದಕ್ಕೆ ಐದೂ ಪಡೆದ ಅಂಕ ಸೊನ್ನೆ. ಅವುಗಳಲ್ಲಿ ಕೆಲವುಗಳ ಮೈಕಟ್ಟೇ ಕುಸಿಯುವಂಥದಾಗಿದ್ದು, ಏರ್‌ಬ್ಯಾಗನ್ನು ಸೇರಿಸಿದರೂ ಪ್ರಯೋಜನವಾಗಲಾರದೆಂದು ಅವರು ಹೇಳಿದರು. ಆ ಕಾರುಗಳಲ್ಲಿಯೇ ನಾವೆಲ್ಲ ಮಕ್ಕಳುಮರಿಗಳೊಡನೆ ಧರ್ಮಸ್ಥಳಕ್ಕೂ ತಿರುಪತಿಗೂ ಹೋಗಿ ಬಂದೆವಲ್ಲ!

ಆ ಸೊನ್ನೆಯಿಂದ ಒಳ್ಳೆಯದೂ ಆಯಿತೆನ್ನಬೇಕು. 2018ರ ಡಿಸೆಂಬರಿನಲ್ಲಿ ಟಾಟಾ ನೆಕ್ಸಾನ್ ಅದೇ ಸಂಸ್ಥೆಯಿಂದ ವಯಸ್ಕರ ರಕ್ಷಣೆಗಾಗಿ ಐದು ನಕ್ಷತ್ರಗಳನ್ನು ಪಡೆದ ಮೊದಲ ಭಾರತೀಯ ಕಾರಾಯಿತು. 2019ರ ಏಪ್ರಿಲಿನಿಂದ ಹೊಸ ಕಾರುಗಳಲ್ಲಿ ಎ.ಬಿ.ಎಸ್. ಕಡ್ಡಾಯವಾಯಿತು, ಜುಲೈಯಿಂದ ನಡೆಸುವವರ ಮುಂದೊಂದು ಏರ್‌ಬ್ಯಾಗು, ಬೆಲ್ಟು ಹಾಕದಿದ್ದರೆ ಎಚ್ಚರಿಸುವ ಗಂಟೆ, ಹಿಂದಕ್ಕೆ ಬರುವಾಗ ಅಡ್ಡವನ್ನು ತಿಳಿಸುವ ಸಾಧನ ಇವೂ ಕಡ್ಡಾಯವಾದುವು. 2022ರಲ್ಲಿ ಪಕ್ಕದವರ ಮುಂದೆಯೂ ಏರ್‌ಬ್ಯಾಗು ಬಂದಿತು. 2023ರ ಅಕ್ಟೋಬರ್ 1ರಿಂದ ನಮ್ಮದೇ ಆದ ಭಾರತ್ ಎನ್‌ಕ್ಯಾಪ್ ಪರೀಕ್ಷೆ ಜಾರಿಗೆ ಬಂದಿದೆ. ಕಾರು ಕೊಳ್ಳುವವರು ಅದರ ಫಲಿತಾಂಶವನ್ನು ಬಿಟ್ಟಿಯಾಗಿ ನೋಡಬಹುದು. ನಾವೋ ಜಾತಕದ ನಕ್ಷತ್ರವನ್ನು ಮೂರು ಜೋಯಿಸರ ಹತ್ತಿರ ತೋರಿಸುತ್ತೇವೆ, ಕಾರಿನ ನಕ್ಷತ್ರವನ್ನು ಒಂದು ಸಲವೂ ನೋಡುವುದಿಲ್ಲ.

ಮುಂದಿನ ಭಾನುವಾರ ಮತ್ತೆ ಸಭೆ ಸೇರಿತು. ನಾನು ಮೊದಲು ಅಕ್ಕನ ಕಡೆಗೆ ತಿರುಗಿದೆ. “ಹಳೆಯ ಕಾರು ಬೇಕೆಂಬ ನಿನ್ನ ಮಾತು ಅರ್ಧ ಸರಿ ಅಕ್ಕ. ಎರಡನೆಯ ಕೈಯ ಕಾರೇ ಇರಲಿ. ಆದರೆ ಒಂದೂವರೆ ಲಕ್ಷದ್ದು ಬೇಡ. ಅಷ್ಟಕ್ಕೆ ಸಿಗುವುದು ಆ ಸೊನ್ನೆಯ ಕಾಲದ ಕಾರು. 2019ರ ಮಧ್ಯಭಾಗದ ತರುವಾಯ ತಯಾರಾದುದು, ನಾಲ್ಕೈದು ನಕ್ಷತ್ರ ಪಡೆದುದು ಇರಲಿ. ಇನ್ನೂ ಒಂದು ಮಾತು: 2022ರಿಂದ ಗ್ಲೋಬಲ್ ಎನ್‌ಕ್ಯಾಪಿನ ಪರೀಕ್ಷೆ ಬಿಗಿಯಾಗಿದೆ. ಅದಕ್ಕೆ ಹಿಂದಿನ ನಾಲ್ಕು ನಕ್ಷತ್ರವೂ ಅನಂತರದ ನಾಲ್ಕು ನಕ್ಷತ್ರವೂ ಒಂದೇ ತೂಕದವಲ್ಲ.”

“ಎ.ಬಿ.ಎಸ್. ಅಂದರೆ ಏನೋ?” ಎಂದಳು ಅಮ್ಮ. ಎಪ್ಪತ್ತರ ಮೇಲಿನ ಅವಳಿಗೆ ಅರ್ಥವಾಗುವಂತೆ ಹೇಳಿದರೆ ಎಲ್ಲರಿಗೂ ಅರ್ಥವಾದೀತೆಂದು ಹೀಗೆ ಹೇಳಿದೆ. ಹೆದರಿದ ಮನುಷ್ಯ ಬ್ರೇಕನ್ನು ಬಲವಾಗಿ ತುಳಿದುಬಿಡುತ್ತಾನೆ. ಆಗ ಚಕ್ರಗಳು ತಿರುಗುವುದನ್ನೇ ನಿಲ್ಲಿಸಿ ರಸ್ತೆಯ ಮೇಲೆ ಜಾರುತ್ತವೆ. ಜಾರುವ ಚಕ್ರಕ್ಕೆ ದಿಕ್ಕಿಲ್ಲ. ಸ್ಟೀರಿಂಗನ್ನು ಎತ್ತ ತಿರುಗಿಸಿದರೂ ಕಾರು ನೇರವಾಗಿಯೇ ಹೋಗುತ್ತದೆ. ಎ.ಬಿ.ಎಸ್. ಇದ್ದರೆ ಅದು ಬ್ರೇಕನ್ನು ಕ್ಷಣಕ್ಕೆ ಹಲವು ಬಾರಿ ಹಿಡಿದು ಬಿಟ್ಟು ಮಾಡಿ ಚಕ್ರ ಉರುಳುತ್ತಿರುವಂತೆ ನೋಡಿಕೊಳ್ಳುತ್ತದೆ. ಆಗ ಕಾಲ ಕೆಳಗೆ ಬ್ರೇಕು ಗಡಗಡನೆ ನಡುಗುತ್ತದೆ. ಹೊಸಬರು ಗಾಬರಿಯಿಂದ ಕಾಲು ತೆಗೆಯುವುದು ಅಲ್ಲಿಯೇ. ತೆಗೆಯಬಾರದು, ಒತ್ತಿಯೇ ಇರಬೇಕು. ಇ.ಎಸ್.ಸಿ. ಎಂಬ ಇನ್ನೊಂದು ಏರ್ಪಾಡು, ತಿರುವಿನಲ್ಲಿ ಕಾರು ಹಿಡಿತ ತಪ್ಪಿದಾಗ ಬೇಕಾದ ಚಕ್ರಕ್ಕೆ ಮಾತ್ರ ಬ್ರೇಕು ಹಾಕಿ ಅದನ್ನು ದಾರಿಗೆ ತರುತ್ತದೆ. ಹದಿಹರೆಯದವರಿಗೆ ಕಾರನ್ನು ಸೂಚಿಸುವಾಗ ಅಮೆರಿಕದ ಸುರಕ್ಷತಾ ಸಂಸ್ಥೆಯವರು ಇದಿಲ್ಲದ ಕಾರನ್ನು ಪಟ್ಟಿಗೇ ಸೇರಿಸುವುದಿಲ್ಲ. “ಹಾಗಾದರೆ ಮಾಡು ತೆರೆಯುವುದಕ್ಕಿಂತ ಅದೇ ಮೇಲು” ಎಂದು ಅಮ್ಮ ತೀರ್ಪು ಕೊಟ್ಟಳು. ಪುಟ್ಟಿ ಮುಖ ಊದಿಸಿದಳು.

ಭಾವನವರ ಎತ್ತರದ ಗಾಡಿಯನ್ನು ತಳ್ಳಿಹಾಕುವುದು ಇಷ್ಟು ಸುಲಭವಾಗಲಿಲ್ಲ. ಅವರ ಮಾತಿನಲ್ಲೂ ಸತ್ಯವಿತ್ತು. ಭಾರಿ ಕಾರೂ ಹಗುರ ಕಾರೂ ಡಿಕ್ಕಿ ಹೊಡೆದರೆ ಭಾರಿ ಕಾರಿನೊಳಗಿದ್ದವರಿಗೆ ರಕ್ಷಣೆ ಹೆಚ್ಚು. ಆದ್ದರಿಂದಲೇ ತೀರ ಸಣ್ಣ ಕಾರು ಹೊಸಬರಿಗೆ ಬೇಡವೆನ್ನುತ್ತಾರೆ. ಆದರೆ ಅಗಲವಾದ ಮೂತಿಯ ಗಾಡಿಯಲ್ಲಿ ಎಡಚಕ್ರ ಎಲ್ಲಿದೆಯೆಂಬುದೇ ಹೊಸ ಕಣ್ಣಿಗೆ ತಿಳಿಯುವುದಿಲ್ಲ. ಮೂತಿಯ ಕೆಳಗೆ ಮಗು ನಿಂತಿದ್ದರೂ ಕಾಣುವುದಿಲ್ಲ. ದಾರಿಯಲ್ಲಿ ಸೈಕಲ್ಲಿನವರಿದ್ದಾರೆ, ನಡೆದುಹೋಗುವವರಿದ್ದಾರೆ. ಅವರ ಪಾಲಿಗೆ ಗಾಡಿಯ ತೂಕ ರಕ್ಷಣೆಯಲ್ಲ. ಎಂಜಿನಿನ ಬಲ ಹೆಚ್ಚಿದ್ದಷ್ಟೂ ಎಳೆಯ ಕಾಲಿಗೆ ಪ್ರಲೋಭನೆ ಹೆಚ್ಚು. ಮಧ್ಯಮ ಗಾತ್ರ, ಸಾಧಾರಣ ಬಲ, ನಾಲ್ಕು ದಿಕ್ಕೂ ಚೆನ್ನಾಗಿ ಕಾಣುವ ಗಾಜು: ಇಷ್ಟಿದ್ದರೆ ಸಾಕು. ಗೇರಿನ ಕಾರೋ ಗೇರಿಲ್ಲದ್ದೋ ಎಂಬುದಕ್ಕೆ ಹೆಚ್ಚು ಜಗಳ ಬೇಡ. ಏರುದಾರಿಯಲ್ಲಿ ಕ್ಲಚ್ಚಿನೊಡನೆ ಗುದ್ದಾಡದೆ ಕಣ್ಣನ್ನು ರಸ್ತೆಯ ಮೇಲಿಡಬಹುದೆಂಬುದು ಗೇರಿಲ್ಲದ್ದರ ಲಾಭ. ಯಾವ ಕಾರನ್ನು ಕೊಟ್ಟರೂ ನಡೆಸಬಲ್ಲರೆಂಬುದು ಗೇರಿನದರ ಲಾಭ. ಪುಟ್ಟಿ ಗೇರಿನದನ್ನೇ ಕಲಿತಿದ್ದಳು.

ಭಾವನವರು ಎಲ್ಲವನ್ನೂ ಕೇಳಿದರು. ಆಮೇಲೆ ಕನ್ನಡಕ ತೆಗೆದು ಒರೆಸುತ್ತ, “ನೀನು ಹೇಳುವುದೆಲ್ಲ ಸರಿಯಪ್ಪ. ಆದರೆ ಇದೆಲ್ಲ ಹುಚ್ಚು ಹುಡುಗರಿಗೆ. ನಮ್ಮ ಹುಡುಗಿ ಜಾಗರೂಕಳು. ಸುಮ್ಮನೆ ಹೆದರಿಸಬೇಡ” ಎಂದರು.

ಆ ಮಾತು ನನಗೆ ಚುಚ್ಚಿತು. ನನ್ನ ತಂದೆಯವರೂ ಒಂದು ಕಾಲದಲ್ಲಿ ನನ್ನನ್ನು ಕುರಿತು ಹಾಗೆಯೇ ಹೇಳುತ್ತಿದ್ದರು.

2010ರಲ್ಲಿ, ನಾನು ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುತ್ತಿದ್ದಾಗ, ಒಂದು ರಾತ್ರಿ ಐದು ಜನ ಗೆಳೆಯರು ಕನ್ನಂಬಾಡಿಯಿಂದ ಮೈಸೂರಿಗೆ ಹಿಂತಿರುಗುತ್ತಿದ್ದೆವು. ಕಾರು ಗೆಳೆಯನೊಬ್ಬನ ಅಣ್ಣನದು. ನಡೆಸುತ್ತಿದ್ದವನು ನಾನು, ಪರವಾನಗಿ ಬಂದು ನಾಲ್ಕು ತಿಂಗಳಾಗಿತ್ತು. ಹಿಂದೆ ಮೂವರು ಹಾಡುತ್ತಿದ್ದರು. ತಿರುವಿನಾಚೆ ಕಬ್ಬು ತುಂಬಿದ ಎತ್ತಿನ ಗಾಡಿಯೊಂದು ದೀಪವಿಲ್ಲದೆ ಹೋಗುತ್ತಿತ್ತು. ಕಂಡೊಡನೆ ಬ್ರೇಕನ್ನು ತುಳಿದು ಸ್ಟೀರಿಂಗನ್ನು ತಿರುಗಿಸಿದೆ. ಚಕ್ರಗಳು ಕಚ್ಚಿಕೊಂಡುವು, ಕಾರು ತಿರುಗಲೇ ಇಲ್ಲ. ಗಾಬರಿಯಿಂದ ಬ್ರೇಕನ್ನು ಬಿಟ್ಟೆ. ಬಿಟ್ಟೊಡನೆ ಅದು ಚಂಗನೆ ಎಡಕ್ಕೆ ಹಾರಿ ಸಾಲುಮರಕ್ಕೆ ಗುದ್ದಿತು. ಮುಂದಿದ್ದ ನಾವಿಬ್ಬರು ಪೊಲೀಸರ ಹೆದರಿಕೆಗೆಂದು ಬೆಲ್ಟು ಹಾಕಿದ್ದೆವು. ಹಿಂದಿನವರು ಹಾಕಿರಲಿಲ್ಲ, ಹಿಂದೆ ಹಾಕಬೇಕೆಂದು ನಮಗೆ ತೋರಿಯೂ ಇರಲಿಲ್ಲ. ನಡುವೆ ಕುಳಿತಿದ್ದವನು ಎರಡು ಸೀಟುಗಳ ಮಧ್ಯದಿಂದ ಮುಂದಕ್ಕೆ ಬಂದ. ಅವನ ತೊಡೆಯ ಮೂಳೆ ಮುರಿದಿತ್ತು. ಈಗ ಅವನು ಒಂದು ಪ್ರೌಢಶಾಲೆಯಲ್ಲಿ ಉಪಾಧ್ಯಾಯ. ಮೆಟ್ಟಿಲು ಹತ್ತುವಾಗ ಕಂಬಿಯನ್ನು ಹಿಡಿದುಕೊಳ್ಳುತ್ತಾನೆ. ನನ್ನೆದುರು ಮಾತ್ರ ಹಿಡಿಯದೆ ಹತ್ತಲು ಪ್ರಯತ್ನಿಸುತ್ತಾನೆ.

ಅಪಘಾತದ ಸಂಗತಿ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದುದೇ. ಗೊತ್ತಿಲ್ಲದುದು ಒಂದಿತ್ತು. ಅಂದು ರಾತ್ರಿ ಆಸ್ಪತ್ರೆಗೆ ಬಂದ ತಂದೆಯವರು ಕಾರಿನ ಮಾತೆತ್ತಲಿಲ್ಲ. “ಎಷ್ಟು ವೇಗದಲ್ಲಿದ್ದೆ?” ಎಂದು ಒಂದೇ ಪ್ರಶ್ನೆ ಕೇಳಿದರು. “ಐವತ್ತು” ಎಂದೆ. ಮನೆಯ ಇತಿಹಾಸದಲ್ಲಿ ಆ ಐವತ್ತೇ ನಿಂತಿತು. ಪಾಪ, ಐವತ್ತರಲ್ಲಿ ಹೋಗುತ್ತಿದ್ದ ಹುಡುಗ. ದೀಪವಿಲ್ಲದ ಗಾಡಿಯದೇ ತಪ್ಪು. ತಂದೆಯವರು ತೀರಿಕೊಂಡು ಆರು ವರ್ಷವಾಯಿತು.

“ಭಾವ, ಅಂದು ನಾನು ಎಂಬತ್ತರಲ್ಲಿದ್ದೆ” ಎಂದೆ.

ಅಕ್ಕ ನನ್ನ ಮುಖವನ್ನೇ ನೋಡಿದಳು. ಯಾರೂ ಮಾತಾಡಲಿಲ್ಲ. ಮೌನ ತಾಳಲಾರದೆ ನಾನು ಲೆಕ್ಕ ಹೇಳತೊಡಗಿದೆ. ಅಪಾಯವನ್ನು ಕಂಡು ಕಾಲು ಬ್ರೇಕನ್ನು ಮುಟ್ಟಲು ಒಂದು ಕ್ಷಣ ಬೇಕು. ಐವತ್ತರ ವೇಗದಲ್ಲಿ ಆ ಒಂದು ಕ್ಷಣಕ್ಕೆ ಕಾರು ಹದಿನಾಲ್ಕು ಮೀಟರು ಹೋಗಿರುತ್ತದೆ; ಒಣ ರಸ್ತೆಯಲ್ಲಿ ನಿಲ್ಲಲು ಸುಮಾರು ಇನ್ನೊಂದು ಹದಿನಾಲ್ಕು. ಒಟ್ಟು ಇಪ್ಪತ್ತೆಂಟು. ಎಂಬತ್ತರಲ್ಲಾದರೆ ಮೊದಲ ಕ್ಷಣಕ್ಕೇ ಇಪ್ಪತ್ತೆರಡು, ನಿಲ್ಲಲು ಇನ್ನೂ ಮೂವತ್ತೈದು, ಐವತ್ತೇಳು ಮೀಟರು. ವೇಗ ಇಮ್ಮಡಿಯಾದರೆ ಬ್ರೇಕು ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಮಡಿಯಾಗುತ್ತದೆ. ನಾನು ನಿಜವಾಗಿಯೂ ಐವತ್ತರಲ್ಲಿ ಇದ್ದಿದ್ದರೆ ಆ ಗಾಡಿಯ ಹಿಂದೆ ನಿಲ್ಲಿಸಬಹುದಾಗಿತ್ತು. “ನಾನೂ ಜಾಗರೂಕನಾದ ಹುಡುಗನೇ ಭಾವ. ಅಲ್ಲಿಯವರೆಗೆ ಒಂದು ಗೀರೂ ಹಾಕಿರಲಿಲ್ಲ. 2022ರಲ್ಲಿ ಈ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ದಿನಕ್ಕೆ ಸುಮಾರು ನಾನೂರ ಅರವತ್ತು. ಮೂರರಲ್ಲಿ ಎರಡು ಪಾಲು ಹದಿನೆಂಟರಿಂದ ನಲವತ್ತೈದರ ವಯಸ್ಸಿನವರು. ಅವರೆಲ್ಲರೂ ಹುಚ್ಚರೇ ಆಗಿದ್ದರೆ?”

ಆಗ ಅಮ್ಮ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, “ಅವರಿಗೆ ಗೊತ್ತಿತ್ತು ಕಣೋ” ಎಂದಳು. “ಮಾರನೆಯ ದಿನವೇ ಹೋಗಿ ರಸ್ತೆಯ ಮೇಲಿನ ಗುರುತನ್ನು ಹೆಜ್ಜೆ ಹಾಕಿ ಅಳೆದುಕೊಂಡು ಬಂದರು. ಐವತ್ತು ಅಲ್ಲ ಅಂದರು. ನಾನು, ಕೇಳಿಬಿಡಿ ಅಂದೆ. ಅವನಾಗಿ ಹೇಳಲಿ ಅಂದರು.”

ಇದಕ್ಕೆ ನಾನು ಏನನ್ನೂ ಹೇಳಲಾರದೆ ಹೋದೆ. ಈಗ ಬರೆಯುವುದಕ್ಕೂ ಏನೂ ಇಲ್ಲ.

ಅಕ್ಕ ಎದ್ದು ಹೋಗಿ ಎಲ್ಲರಿಗೂ ಕಾಫಿ ತಂದಳು. ಭಾವನವರು ಮೇಜಿನ ಮೇಲಿದ್ದ ಎತ್ತರದ ಗಾಡಿಯ ಚಿತ್ರಗಳನ್ನು ಮಡಿಸಿ ಪಕ್ಕಕ್ಕಿಟ್ಟರು. “ಕಾರು ನೀನೇ ನೋಡು. ಆದರೆ ಕಾರೊಂದೇ ಸಾಲದು ಅಂತ ಕಾಣುತ್ತೆ” ಎಂದರು. ಅಂದು ಅಲ್ಲಿಯೇ ಕುಳಿತು ಮನೆಗೊಂದು ಪಂಚಶೀಲವನ್ನು ಬರೆದೆವು. ಒಂದನೆಯದು: ಕುಳಿತವರೆಲ್ಲರೂ, ಹಿಂದಿನವರೂ, ಬೆಲ್ಟು ಹಾಕುವವರೆಗೆ ಕಾರು ಹೊರಡುವುದಿಲ್ಲ. ಎರಡನೆಯದು: ಆರು ತಿಂಗಳವರೆಗೆ ಕತ್ತಲಾದ ಮೇಲೆ ಒಂಟಿಯಾಗಿ ನಡೆಸುವಂತಿಲ್ಲ, ಬೆಂಗಳೂರು ಹೆದ್ದಾರಿಯ ಮಾತಂತೂ ಇಲ್ಲ. ಪ್ರಯೋಗಶಾಲೆಯ ದಿನ ಹಿಂದಿನಂತೆ ಬಸ್ಸು. ಮೂರನೆಯದು: ಗೆಳತಿಯರು ಒಂದು ಸಲಕ್ಕೆ ಒಬ್ಬರೇ. ಅಮೆರಿಕದ ಅನೇಕ ರಾಜ್ಯಗಳಲ್ಲಿ ಎಳೆಯ ಚಾಲಕರಿಗೆ ರಾತ್ರಿಯ ಮೇಲೂ ಜೊತೆಗಾರರ ಸಂಖ್ಯೆಯ ಮೇಲೂ ಇಂಥ ಮಿತಿ ಇದೆ. ಸಮವಯಸ್ಕರು ಹೆಚ್ಚಿದಷ್ಟೂ ಅಪಘಾತ ಹೆಚ್ಚುವುದನ್ನು ಕಂಡು ಮಾಡಿದ ಕಟ್ಟಳೆ ಅದು. ನಾಲ್ಕನೆಯದು: ಫೋನು ಚೀಲದಲ್ಲಿ, ಚೀಲ ಹಿಂದಿನ ಸೀಟಿನಲ್ಲಿ. ಐದನೆಯದನ್ನು ಅಕ್ಕ ಹೇಳಿದಳು, ನಾನು ಬರೆದುಕೊಂಡೆ: ಏನೇ ತಪ್ಪಾದರೂ ಮನೆಗೆ ಬಂದು ಇದ್ದದ್ದನ್ನು ಇದ್ದಂತೆ ಹೇಳಬೇಕು, ಹೇಳಿದ ತಪ್ಪಿಗೆ ಬೈಗುಳವಿಲ್ಲ.

ಕಾರು ದೊರೆಯಲು ಮೂರು ವಾರ ಹಿಡಿಯಿತು. ಅದರ ಹೆಸರನ್ನು ಬರೆಯುವುದಿಲ್ಲ. ಪತ್ರಿಕೆಯ ಜಾಹೀರಾತು ವಿಭಾಗದವರು ಮುನಿದಾರು. ನಾಲ್ಕು ವರ್ಷದ್ದು, ನಾಲ್ಕು ನಕ್ಷತ್ರದ್ದು, ಇ.ಎಸ್.ಸಿ. ಇದ್ದುದು, ಮಾಸಿದ ಬೂದುಬಣ್ಣದ್ದು. ಎರಡನೆಯ ಕೈಯ ಕಾರನ್ನು ಕೊಳ್ಳುವವರಿಗೆ ಎರಡು ಮಾತು. ನಕ್ಷತ್ರ ಕೊಟ್ಟದ್ದು ಗುದ್ದದ ಕಾರಿಗೆ. ಒಮ್ಮೆ ಬಲವಾಗಿ ಗುದ್ದಿ ಬೆಸುಗೆ ಹಾಕಿಸಿದ್ದಕ್ಕೆ ಆ ಅಂಕ ಸಲ್ಲದು. ಆದ್ದರಿಂದ ನಿಮ್ಮ ನಂಬಿಕೆಯ ಮೆಕ್ಯಾನಿಕ್ಕನನ್ನು ಕರೆದೊಯ್ದು ಕಾರನ್ನು ಮೇಲೆತ್ತಿಸಿ ನೋಡಿಸಿ. ಏರ್‌ಬ್ಯಾಗಿನ ದೀಪ ಕೀಲಿ ತಿರುಗಿಸಿದಾಗ ಹತ್ತಿ ಆಮೇಲೆ ಆರಬೇಕು; ಹತ್ತದೇ ಇದ್ದರೂ ಆರದೇ ಇದ್ದರೂ ಸಂದೇಹಪಡಿ. ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ಸಂಖ್ಯೆ ಇರುತ್ತದೆ. 1821 ಎಂದಿದ್ದರೆ 2021ರ ಹದಿನೆಂಟನೆಯ ವಾರ ತಯಾರಾದದ್ದೆಂದು ಅರ್ಥ. ನಮ್ಮ ಕಾರಿನ ಟೈರುಗಳು ಹಳೆಯವಾಗಿದ್ದುವು. ಸೀಟಿಗೆ ಹೊಸ ಹೊದಿಕೆ ಬೇಡವೆಂದು ಆ ಹಣದಿಂದ ನಾಲ್ಕೂ ಟೈರು ಬದಲಾಯಿಸಿದೆವು. ಇನ್ನು ಕಾಗದಪತ್ರ: 29 ಮತ್ತು 30ನೆಯ ನಮೂನೆಗಳಿಗೆ ಮಾರುವವರ ರುಜು ಬೀಳಲಿ, ಸಾಲ ತೀರಿದ ಪತ್ರ ಇರಲಿ, ವಿಮೆಯನ್ನು ನಿಮ್ಮ ಹೆಸರಿಗೆ ಮಾಡಿಸಲು ಹದಿನಾಲ್ಕು ದಿನಗಳೊಳಗೆ ಅರ್ಜಿ ಹೋಗಲಿ.

ಕಾರಿನ ಎಡಬಾಗಿಲಿನ ಮೇಲೆ ಮೊದಲೇ ಒಂದು ಉದ್ದನೆಯ ಗೀರಿತ್ತು. ಪುಟ್ಟಿ ಅದನ್ನು ಸವರಿ, “ಒಳ್ಳೆಯದಾಯಿತು ಮಾವ. ಮೊದಲ ಗೀರು ನನ್ನದಲ್ಲ” ಎಂದಳು. ಅವಳ ಭುಜ ಸಡಿಲಾದುದು ನನಗೆ ಕಂಡಿತು. ಹೊಸ ಕೆಂಪು ಕಾರಿನಲ್ಲಿ ಅವಳ ಅರ್ಧ ಗಮನ ಬಣ್ಣದ ಮೇಲೆಯೇ ಇರುತ್ತಿತ್ತು. ಜಪಾನಿನಲ್ಲಿ ಹೊಸ ಚಾಲಕರು ಒಂದು ವರ್ಷದವರೆಗೆ ಹಸಿರು-ಹಳದಿಯ ಚಿಗುರೆಲೆಯ ಗುರುತನ್ನು ಕಾರಿಗೆ ಅಂಟಿಸಿಕೊಳ್ಳಬೇಕೆಂಬ ಕಾನೂನು 1972ರಿಂದಲೂ ಇದೆಯೆಂದು ನಾನು ಹೇಳಿದ್ದೆ. ಅವಳು ಕಾಗದದ ಮೇಲೆ ಒಂದು ಚಿಗುರನ್ನು ಬರೆದು, ಕೆಳಗೆ “ಹೊಸಬಳು, ತಾಳ್ಮೆಯಿರಲಿ” ಎಂದು ಸೇರಿಸಿ ಹಿಂದಿನ ಗಾಜಿಗೆ ಅಂಟಿಸಿದಳು. ಚಾಮುಂಡಿಬೆಟ್ಟಕ್ಕೆ ಪೂಜೆಗೆ ಹೋದಾಗ ಹಿಂದಿನವರೆಲ್ಲ ಎಂದಿನಂತೆಯೇ ಹಾರನ್ನು ಬಾರಿಸಿದರು. ಒಬ್ಬ ಆಟೋದವರು ಮಾತ್ರ ಓದಿ, ನಕ್ಕು, ಕೈಬೀಸಿ ಹಿಂದೆ ಉಳಿದರು. ಇಳಿಯುವಾಗ ಎರಡನೆಯ ಗೇರಿನಲ್ಲಿಯೇ ಇಳಿಸಿದಳು. ನಿಂಬೆಹಣ್ಣನ್ನು ಅಮ್ಮ ಮರೆತಿರಲಿಲ್ಲ.

ಕಳೆದ ಗುರುವಾರ ಸಂಜೆ ನಾನು ಅಲ್ಲಿದ್ದೆ. ಎಲ್ಲರೂ ಅಕ್ಕಿರೊಟ್ಟಿಗೆ ಕುಳಿತಿದ್ದೆವು. ಪುಟ್ಟಿ ಒಳಗೆ ಬಂದವಳು ಚೀಲವನ್ನು ಕೆಳಗಿಡದೆ ಬಾಗಿಲಲ್ಲಿಯೇ ನಿಂತಳು.

“ಅಪ್ಪ, ಕಾರನ್ನು ಒಳಗೆ ತರುವಾಗ ಗೇಟಿನ ಕಂಬಕ್ಕೆ ಉಜ್ಜಿತು. ಹಿಂದಿನ ಬಾಗಿಲು ಒಳಗೆ ಹೋಗಿದೆ. ಫೋನು ಪಕ್ಕದ ಸೀಟಿನಲ್ಲಿತ್ತು. ಸದ್ದಾಯಿತು, ತಿರುಗಿ ನೋಡಿದೆ.”

ಭಾವನವರು ಬಾಯಿ ತೆರೆದರು. ಅಕ್ಕ ಅವರ ಕಡೆ ಒಮ್ಮೆ ನೋಡಿದಳು. ತೆರೆದ ಬಾಯಿಗೆ ಅವರು ರೊಟ್ಟಿಯ ಒಂದು ತುಂಡನ್ನು ಹಾಕಿಕೊಂಡು, ನಿಧಾನವಾಗಿ ಅಗಿದು ನುಂಗಿ, “ಕೈಕಾಲು ತೊಳೆದುಕೊಂಡು ಬಾ ಮಗು, ರೊಟ್ಟಿ ಆರಿಹೋಗುತ್ತೆ” ಎಂದರು.